ನನ್ನ __str__ ಬಯಲಾದದ್ದು

ಗೆಳೆಯರೇ, ಇಂದು ನನ್ನ ಪೈಥಾನ್ ಪ್ರೋಗ್ರಾಮಿಂಗ್ ತರಗತಿಯಲ್ಲಿ ಮಾನ ಹೋಯಿತು, ಪಾಠ ಉಳಿಯಿತು.

ಒಂದು ಆಬ್ಜೆಕ್ಟ್ ತನ್ನ ಪರಿಚಯವನ್ನು ಎರಡು ರೀತಿ ಹೇಳಬಲ್ಲದು, ಜನರಿಗೆ ಸರಳವಾಗಿ __str__, ಪ್ರೋಗ್ರಾಮರ್‌ಗೆ ಖಚಿತವಾಗಿ __repr__ ಎಂದು ಕಲಿಸುತ್ತಿದ್ದೆ.

"ಒಂದೇ ಸಾಲ್ದಾ ಸಾರ್? ಎರಡ್ಯಾಕೆ?" ಎಂದು ಮುಂದಿನ ಬೆಂಚಿನ ಕಾವ್ಯ ಪಟ್ಟು ಹಿಡಿದಳು. ಮೂರು ಉದಾಹರಣೆ ಕೊಟ್ಟರೂ ಜಗ್ಗಲಿಲ್ಲ.

ಅಷ್ಟರಲ್ಲಿ ಕತ್ರಿಗುಪ್ಪೆಯ ಮನೆಯಿಂದ ಆಟೋದಲ್ಲಿ ಬಂದ ನನ್ನಮ್ಮ ಬಾಗಿಲಿಂದಲೇ ಕೂಗಿದಳು: "ಲೋ ಬೋಂಡಾ, ಕನ್ನಡಕ ಮನೇಲೇ ಬಿಟ್ ಬಂದಿದ್ಯಲ್ಲೋ!"

ಕಾವ್ಯ ಅಮ್ಮನನ್ನು ನೋಡಿದಳು. ಗೋಡೆಯ ಮೇಲಿದ್ದ ‘ರೇಣುಕಾಪ್ರಸಾದ್, ಎಂ.ಟೆಕ್.’ ಎಂಬ ನನ್ನ ಹೆಸರಿನ ಫಲಕ ನೋಡಿದಳು.

"ಈಗ್ ಗೊತ್ತಾಯ್ತು ಸಾರ್! ಬೋರ್ಡಲ್ಲಿರೋದು __repr__, ಆಂಟಿ ಕರೆದಿದ್ದು __str__!"

ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ. ಪರೀಕ್ಷೆಯಲ್ಲಿ ಯಾರಾದರೂ ಈ ಉದಾಹರಣೆ ಬರೆದರೆ ಪೂರ್ತಿ ಅಂಕ ಕೊಡಲೇಬೇಕಲ್ಲ ಎಂಬುದೊಂದೇ ಸಂಕಟ.