ಹನ್ನೊಂದರ ಭೋಂಗಾ

ಹೋದ ಭಾನುವಾರ, ಇಂಗ್ಲೆಂಡಿನ ಈ ಸಣ್ಣ ಊರಿನ ಯುದ್ಧಸ್ಮಾರಕದ ಮುಂದೆ ನಿಂತಿದ್ದಾಗ ನನ್ನ ಚೀಲದಿಂದ ಶೇಂಗಾ ಹಿಂಡಿಯ ವಾಸನೆ ಬಂತು. ಆ ಬೆಳ್ಳುಳ್ಳಿ ಚಟ್ನಿಪುಡಿಯ ಡಬ್ಬಿಯ ಮುಚ್ಚಳ ಸಡಿಲಾಗಿರಬೇಕು. ಸುತ್ತ ಕರಿ ಕೋಟಿನ ಜನ, ಎದೆಯ ಮೇಲೆ ಮಡಿದ ಸೈನಿಕರ ನೆನಪಿನ ಕೆಂಪು ಕಾಗದದ ಹೂ. ನಡುವೆ ಬೆಳ್ಳುಳ್ಳಿ ವಾಸನೆಯವಳು ನಾನೊಬ್ಬಳೇ... ನಾನು ನೋಡಿಕೊಳ್ಳುವ ಅಜ್ಜಿ ಗಾಲಿಕುರ್ಚಿಯಲ್ಲಿ ಕೂತಿದ್ದರು. ಅವರ ಅಣ್ಣನ ಹೆಸರು ಆ ಕಲ್ಲಿನ ಮೇಲಿದೆ.

ಆ ವಾಸನೆಗೆ ದಾಂಡೇಲಿಯ ಮೌಶಿ ನೆನಪಾದಳು. ಪೇಪರ್ ಮಿಲ್ಲಿನ ಹತ್ತಿರದ ಓಣಿಯಲ್ಲಿ ನಮ್ಮ ಮನೆಗೂ ಅವಳ ಮನೆಗೂ ಒಂದೇ ಗೋಡೆ. ಮೌಶಿ ಅಂದರೆ ಚಿಕ್ಕಮ್ಮ, ಆದರೆ ರಕ್ತಸಂಬಂಧವೇನಿಲ್ಲ, ನಮ್ಮಂತೆಯೇ ಧಾರವಾಡದ ಕಡೆಯಿಂದ ಬಂದವಳು, ಅಷ್ಟೆ. ಹಿಂಡಿಗೆ ಎಣ್ಣೆ ಬಿಟ್ಟು, ರೊಟ್ಟಿಗೆ ಸವರಿ, "ತಿನ್ನ, ಕಡ್ಡಿ ಆಗೀದಿ" ಎಂದು ಕೈಗೆ ತುರುಕುತ್ತಿದ್ದಳು.

ನಮ್ಮ ಓಣಿಯ ಹೆಂಗಸರು ಗಡಿಯಾರ ನೋಡುತ್ತಿರಲಿಲ್ಲ. ಪಾಳಿ ಬದಲಾಗುವ ಮುಂಚೆ ಇಡೀ ಊರಿಗೆ ಕೇಳುವಂತೆ ಮಿಲ್ಲಿನ ಭೋಂಗಾ ಕೂಗುತ್ತಿತ್ತು. ಆ ಕೂಗು ನಿಲ್ಲುವುದರೊಳಗೆ ಊಟದ ಡಬ್ಬಿ ಬಾಗಿಲಿಗೆ ಬರಬೇಕು. ಮೌಶಿ ಮೊದಲು ಗಂಡನಿಗೆ ಕಟ್ಟಿದಳು. ಅವರು ತೀರಿಕೊಂಡ ಮೇಲೆ ಅದೇ ಮಿಲ್ಲಿಗೆ ಸೇರಿದ ಮಗನಿಗೆ. ಎರಡು ವರ್ಷಕ್ಕೆ ಮಗ ಮಿಲ್ಲು ಬಿಟ್ಟು ಸೈನ್ಯಕ್ಕೆ ಹೋದ. ಗಡಿಯಿಂದ ಮುಚ್ಚಿದ ಪೆಟ್ಟಿಗೆಯಲ್ಲಿ ಬಂದ. ಮುಖ ನೋಡಲು ಅವಳನ್ನು ಬಿಡಲಿಲ್ಲ.

ಮುಂದಿನ ಜನವರಿಯಲ್ಲಿ ಹುತಾತ್ಮರ ಸ್ಮರಣೆಗೆಂದು ಶಾಲೆಯ ಮೈದಾನದಲ್ಲಿ ಸಭೆ ಇಟ್ಟರು. ಮೌಶಿಗೆ ಮುಂದಿನ ಸಾಲಿನ ಕುರ್ಚಿ. "ಮೌಶಿ ಕೈ ಬಿಡಬ್ಯಾಡ" ಎಂದು ಅವ್ವ ನನ್ನನ್ನು ಜೊತೆಗೆ ಕಳಿಸಿದ್ದಳು. ನಾನಾಗ ಕಾಲೇಜಿನ ಹುಡುಗಿ, ನಾಲ್ಕು ಜನ ಏನಂದಾರು ಎಂಬುದೇ ದೊಡ್ಡ ಚಿಂತೆ. ಹನ್ನೊಂದಕ್ಕೆ ಮೌನದ ಗುರುತಾಗಿ ಭೋಂಗಾ ಕೂಗಿತು. ಎಲ್ಲರೂ ಎದ್ದು ತಲೆ ತಗ್ಗಿಸಿದರು. ಮೌಶಿಯೂ ಎದ್ದಳು, ಗಾಬರಿಯಿಂದ ಸೆರಗು ಸಿಕ್ಕಿಸಿಕೊಳ್ಳುತ್ತ.

"ಅಯ್ಯ, ಭೋಂಗಾ ಆತಲ್ಲವಾ! ಡಬ್ಬಿ ಕಟ್ಟೇ ಇಲ್ಲ ನಾ. ಉಪವಾಸ ಹೋಗ್ತಾನ ಅಂವ... ನಡಿ, ಮನೀಗೆ ಹೋಗೂಣು."

ಅಷ್ಟು ದೊಡ್ಡ ಮೈದಾನದಲ್ಲಿ ಅವಳದೊಂದೇ ದನಿ. ಜನ ತಿರುಗಿ ನೋಡಿದರು. ನಾನು ತುಟಿಯ ಮೇಲೆ ಬೆರಳಿಟ್ಟು, ಅವಳ ಮೊಣಕೈ ಜಗ್ಗಿ, "ಸುಮ್ಮನ ನಿಂದ್ರ ಮೌಶಿ" ಎಂದೆ. ನಿಂತಳು.

ಆ ಮೈದಾನದಲ್ಲಿ ಅವನನ್ನು ನಿಜವಾಗಿ ನೆನೆದವಳು ಅವಳೊಬ್ಬಳೇ. ಅವಳ ಬಾಯಿಯನ್ನೇ ನಾನು ಮುಚ್ಚಿಸಿದೆ. ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ. ಊರಿಗೆ ಹೋದಾಗ ತಪ್ಪಾಯಿತು ಅನ್ನಬೇಕು ಎಂದುಕೊಳ್ಳುತ್ತಲೇ ವರ್ಷಗಳು ಕಳೆದವು. ಮೌಶಿ ಹೋದಳೆಂದು ತಂಗಿ ಫೋನಿನಲ್ಲಿ ಹೇಳಿದ ದಿನ ನಾನು ಅಜ್ಜಿಗೆ ಗುಳಿಗೆ ಕೊಡುತ್ತಿದ್ದೆ. ಯಾರ ಮುಂದೆ ಅಳುವುದು, ಯಾವ ಭಾಷೆಯಲ್ಲಿ ಹೇಳುವುದು...

ಹೋದ ಭಾನುವಾರವೂ ಹನ್ನೊಂದಾಯಿತು. ಈ ಊರಲ್ಲಿ ಮೌನಕ್ಕೆ ಅಗ್ನಿಶಾಮಕ ಠಾಣೆಯ ಸೈರನ್ ಹಾಕುತ್ತಾರೆ. ಥೇಟು ಅದೇ ಕೂಗು. ಎಲ್ಲರೂ ತಲೆ ತಗ್ಗಿಸಿದರು. ನನಗೆ ತಡೆಯಲಾಗಲಿಲ್ಲ.

"ನಡಿ ಮೌಶಿ, ಹೋಗೂಣು. ಡಬ್ಬಿ ಕಟ್ಟೂಣು" ಎಂದುಬಿಟ್ಟೆ, ಜೋರಾಗಿಯೇ.

ಅಜ್ಜಿ ಕತ್ತು ತಿರುಗಿಸಿ ನನ್ನನ್ನು ನೋಡಿದರು. ತುಟಿಯ ಮೇಲೆ ಬೆರಳಿಟ್ಟರು.

ನಾನು ಸುಮ್ಮನೆ ನಿಂತೆ.