ಸಾಮ್ಯೋರು ಅಗಿದ ಮುದ್ದೆ

ಫಾದರ್ ಅವರ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಚಿಕ್ಕಂದಿನಲ್ಲಿ ಅಕ್ಕ ರಾಗಿ ಕೊಯ್ಯುವಾಗ ಅವಳ ಕುಡುಗೋಲಿಗೆ ಬೆರಳು ಕೊಟ್ಟಿದ್ದರಂತೆ. ಆ ಸೀಳಿಗೆ ಸಿಕ್ಕಿ ಹಳೆಯ ಪುಸ್ತಕಗಳ ಹಾಳೆ ಹರಿಯುತ್ತದೆಂದು ಅವರು ಪುಟಗಳನ್ನು ಕಿರುಬೆರಳಿನಿಂದ ತಿರುವುತ್ತಿದ್ದರು. ಅಷ್ಟೆತ್ತರದ ಆಳು ದಪ್ಪ ಲ್ಯಾಟಿನ್ ಸಂಪುಟದ ಮುಂದೆ ಕಿರುಬೆರಳೆತ್ತಿಕೊಂಡು ಕೂತಿದ್ದನ್ನು ಮೊದಲ ಸಲ ಕಂಡಾಗ ನನಗೆ ನಗು ತಡೆಯಲಾಗಲಿಲ್ಲ. ಇನ್ನೊಬ್ಬರನ್ನು ನೋಡಿ ನಗುವುದರಲ್ಲಿ ನಾನು ಆಗ ಬಹಳ ಮುಂದಿದ್ದೆ.

ಪಾದ್ರಿಗಳಾಗುವವರು ಓದುವ ಸೆಮಿನರಿಯಲ್ಲಿ ಚರ್ಚಿನ ಇತಿಹಾಸ ಕಲಿಸಿ ನಿವೃತ್ತರಾದ ಮೇಲೆ ಅವರು ಯಲಹಂಕದ ಹತ್ತಿರ, ವಯಸ್ಸಾದ ಪಾದ್ರಿಗಳಿಗೆಂದೇ ಇರುವ ಮನೆಯಲ್ಲಿ ಒಂದು ಕೋಣೆಯಲ್ಲಿದ್ದರು. ಆ ಕೋಣೆಯಲ್ಲಿ ಅವರಿಗಿಂತ ಪುಸ್ತಕಗಳಿಗೇ ಹೆಚ್ಚು ಜಾಗ. ಧರ್ಮಸಭೆಗಳ ನಡಾವಳಿ, ಮಠಗಳ ಚರಿತ್ರೆ, ಒಬ್ಬ ಸಂತ ನಿಜಕ್ಕೂ ಹುಟ್ಟಿದ್ದನೋ ಇಲ್ಲವೋ ಎಂದು ಪಂಡಿತರು ಕಿತ್ತಾಡಿದ ಸಂಪುಟಗಳು. "ಸತ್ತೋರ ಹತ್ರ ವಾದ ಮಾಡೋಕೆ ಇಷ್ಟಾದ್ರೂ ಸಾಕ್ಷಿ ಬೇಕಲ್ಲ ಮೇಡಂ" ಎನ್ನುತ್ತಿದ್ದರು. ವಾಯುನೆಲೆಯ ವಿಮಾನ ತಲೆಯ ಮೇಲೆ ಗುಡುಗಿಕೊಂಡು ಹೋದರೆ ಮಾತು ನಿಲ್ಲಿಸಿ ಕಾಯುವರು. ಸದ್ದು ಅಡಗಿದ ಮೇಲೆ ವಾಕ್ಯವನ್ನು ಬಿಟ್ಟ ಪದದಿಂದಲೇ ಎತ್ತಿಕೊಳ್ಳುವರು.

ನಾನು ಬಾಗಲಕೋಟೆ ಕಡೆಯವಳು. ಆರ್.ಟಿ. ನಗರದಲ್ಲಿ ಮನೆ, ಕಾಲೇಜಿನಲ್ಲಿ ಕನ್ನಡ ಪಾಠ. ತಮ್ಮ ಕನ್ನಡ ಪುಸ್ತಕವೊಂದನ್ನು ತಿದ್ದಿಕೊಡಲು ಯಾರಾದರೂ ಇದ್ದಾರೆಯೇ ಎಂದು ಅವರು ವಿಚಾರಿಸಿದಾಗ ನಮ್ಮ ಪ್ರಿನ್ಸಿಪಾಲರು ನನ್ನನ್ನು ಕಳಿಸಿದರು. ಕ್ರೈಸ್ತರ ಬಗ್ಗೆ ನನಗೆ ಗೊತ್ತಿದ್ದದ್ದು ಕ್ರಿಸ್ಮಸ್ ಕೇಕಿನ ರುಚಿಯಷ್ಟೇ. ಹಾಗೆಂದು ಹೇಳಿಯೂ ಹೇಳಿದೆ. ಅವರು ಬೇಜಾರು ಮಾಡಿಕೊಳ್ಳದೆ ಹಾಲು ಹಾಕದ ಕರಿ ಟೀ ಕೊಟ್ಟು ಪಾಠ ಶುರುಮಾಡಿದರು. ಹಳೆಯ ಕಾಗದ ಓದುವುದನ್ನು ನನಗೆ ಕಲಿಸಿದವರು ಅವರೇ. "ಬರೆದೋನ್ಗೆ ಆವತ್ತು ಹೊಟ್ಟೆ ತುಂಬಿತ್ತಾ ಇಲ್ವಾ, ಮೊದ್ಲು ಅದ್ ಕೇಳಿ. ದೇವರ ವಿಷ್ಯ ಆಮೇಲೆ." ಇಂದಿಗೂ ನನ್ನ ವಿದ್ಯಾರ್ಥಿಗಳಿಗೆ ಈ ಮಾತನ್ನೇ ಹೇಳುತ್ತೇನೆ. ಎಲ್ಲಿಂದ ಬಂತೆಂದು ಹೇಳುವಾಗ ಮಾತ್ರ ದನಿ ತಗ್ಗುತ್ತದೆ.

ಅವರ ಪುಸ್ತಕ ಈ ಸುತ್ತಿನ ಹಳ್ಳಿ ಚರ್ಚುಗಳ ಇತಿಹಾಸ. ದೂರ ದೇಶದಿಂದ ಬಂದ ಪಾದ್ರಿಗಳು ತಮ್ಮ ಮಠಗಳಿಗೆ ಬರೆದ ಪತ್ರಗಳನ್ನು ಅವರು ಎಷ್ಟೋ ವರ್ಷ ಓದಿದ್ದರು. ಆದರೆ ಪತ್ರವನ್ನಷ್ಟೇ ನಂಬುತ್ತಿರಲಿಲ್ಲ. ಯಲಹಂಕದಾಚೆಯ ತಮ್ಮ ಹುಟ್ಟೂರಿಗೆ ಹೋಗಿ ಅಕ್ಕನ ಜಗಲಿಯಲ್ಲಿ ಕೂತು, ಅವ್ವ ಏನು ಹೇಳುತ್ತಿದ್ದಳು, ಅಜ್ಜಿ ಏನು ಹೇಳುತ್ತಿದ್ದಳು ಎಂದು ಕೇಳಿ ಬರೆದುಕೊಳ್ಳುತ್ತಿದ್ದರು. "ಕಾಗದ ಒಂದು ಕಿವಿ, ಅಜ್ಜಿ ಇನ್ನೊಂದು ಕಿವಿ. ಎರಡೂ ಇದ್ರೇನೇ ಸರಿಯಾಗಿ ಕೇಳ್ಸೋದು." ಅಕ್ಕನಿಗೆ ಓದು ಬರದು. ಪುಸ್ತಕ ಅಚ್ಚಾದ ದಿನ ಅದನ್ನು ಅವಳಿಗೆ ಓದಿ ಹೇಳಬೇಕು ಎಂಬುದೇ ಅವರ ಒಂದು ಆಸೆ. ಅದಕ್ಕೇ ಇಂಗ್ಲಿಷಿನಲ್ಲಿ ಹೆಸರು ಮಾಡಿದ ಮನುಷ್ಯ ಈ ಪುಸ್ತಕವನ್ನು ಅಕ್ಕನ ಮಾತಿನಲ್ಲೇ ಬರೆದಿದ್ದರು.

ಮೊದಲ ಪಾದ್ರಿ ಊರಿಗೆ ಬಂದ ಅಧ್ಯಾಯ ಹೀಗೆ ಶುರುವಾಗುತ್ತಿತ್ತು: "ಸಾಮ್ಯೋರು ಕುದ್ರೆ ಮ್ಯಾಲೆ ಬಂದ್ರು. ಆ ವರ್ಸ ಮಳೆ ಇರ್ನಿಲ್ಲ. ನಮ್ಮೋರು ಔರ್ಗೆ ಮುದ್ದೆ ಇಕ್ಕುದ್ರು. ಔರು ಅಗುದ್ರು."

ನಾನು ಕೆಂಪು ಪೆನ್ನು ತೆಗೆದುಕೊಂಡೆ. "ವಿದೇಶೀ ಧರ್ಮಗುರುಗಳು ಅಶ್ವಾರೂಢರಾಗಿ ಆಗಮಿಸಿದರು. ಅನಾವೃಷ್ಟಿಯ ಆ ಸಂದರ್ಭದಲ್ಲಿಯೂ ಗ್ರಾಮಸ್ಥರು ಅವರನ್ನು ಸತ್ಕರಿಸಿದರು." ಅಗಿದದ್ದನ್ನು ಹೊಡೆದುಹಾಕಿದೆ. ಊಟವೆಂದ ಮೇಲೆ ಎಲ್ಲರೂ ಅಗಿಯುತ್ತಾರೆ, ಅದರಲ್ಲೇನು ಇತಿಹಾಸ? ನಾನು ರೊಟ್ಟಿ ತಿಂದು ಬೆಳೆದವಳು. ಮುದ್ದೆಯನ್ನು ಹೋಟೆಲಿನ ಬೋರ್ಡಿನಲ್ಲಿ ಮಾತ್ರ ಕಂಡಿದ್ದೆ. ಆ ವಾಕ್ಯಕ್ಕೆ ಒಂದು ಅಡಿಟಿಪ್ಪಣಿಯೂ ಇತ್ತು, ಯಾವುದೋ ಲ್ಯಾಟಿನ್ ಪತ್ರದ ಹಾಳೆಯ ಸಂಖ್ಯೆ. ವಾಕ್ಯವೇ ಹೋದ ಮೇಲೆ ಟಿಪ್ಪಣಿ ಯಾಕೆಂದು ಅದನ್ನೂ ತೆಗೆದೆ.

ಅವರು ನೋಡಿದ್ದು ಕೆಂಪಾದ ಮೊದಲ ಕಂತನ್ನು ಮಾತ್ರ, ಮುದ್ದೆಯ ಅಧ್ಯಾಯ ಅದರಲ್ಲಿರಲಿಲ್ಲ. ಹಾಳೆಗಳನ್ನು ಒಂದೊಂದಾಗಿ ತಿರುವಿದರು. "ನನ್ ಕನ್ನಡ ಇಷ್ಟೊಂದ್ ತಪ್ಪಾ ಮೇಡಂ?"

"ತಪ್ಪಲ್ಲ ಫಾದರ್, ಗ್ರಾಮ್ಯ. ವಿದ್ವಾಂಸರು ಓದೋ ಪುಸ್ತಕ ಅಲ್ವಾ" ಎಂದು ನಕ್ಕೆ.

ಅವರೂ ನಕ್ಕರು. ಸೆಮಿನರಿಗೆ ಸೇರಿದ ಹೊಸದರಲ್ಲಿ 'ಹಾಲು' ಎನ್ನಲು ಬಾರದೆ 'ಆಲು' ಎಂದು ಇಡೀ ಊಟದ ಮನೆ ನಗುವಂತೆ ಮಾಡಿದ್ದನ್ನು ಹೇಳಿದರು. ಆಮೇಲೆ ಎಷ್ಟೋ ವರ್ಷ ಊಟದ ಮನೆಯಲ್ಲಿ ಹಾಲನ್ನೇ ಕೇಳಲಿಲ್ಲವಂತೆ. ಕೇಳುವಾಗ ನನ್ನ ಕಿವಿ ಬಿಸಿಯಾಗಬೇಕಿತ್ತು. ನಾನೂ ಬೆಂಗಳೂರಿಗೆ ಬಂದ ಹೊಸದರಲ್ಲಿ ಸ್ಟಾಫ್ ರೂಮಿನಲ್ಲಿ "ಬರ್ರಿ, ಹೋಗೂಣು" ಎಂದು ನಗೆಪಾಟಲಾಗಿ, ರಾತ್ರೋರಾತ್ರಿ ನನ್ನ ಊರಿನ ಮಾತನ್ನು ನಾಲಿಗೆಯಿಂದ ಒರೆಸಿಕೊಂಡವಳು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ನನ್ನ ಕಾಲ ಬಂದಿತ್ತು, ಕೈಯಲ್ಲಿ ಪೆನ್ನಿತ್ತು.

ಕೊನೆಯ ಪ್ರೂಫ್ ಬರುವ ಹೊತ್ತಿಗೆ ಅವರಿಗೆ ಕಣ್ಣಿನ ಆಪರೇಷನ್ ಆಗಿತ್ತು. ಪ್ರೆಸ್ಸಿನವರಿಗೆ ಫೋನಿನಲ್ಲಿ "ಮೇಡಂ ನೋಡಿದ್ರೆ ನಾನ್ ನೋಡ್ದಂಗೆ" ಎಂದರಂತೆ. ಪುಸ್ತಕ ಬಂತು. ಓದಿದ ಪಂಡಿತರೆಲ್ಲ ಭಾಷೆಯ ಪ್ರೌಢಿಮೆಯನ್ನು ಹೊಗಳಿದರು. ನಾನು ಉಬ್ಬಿದೆ.

ಒಂದು ಭಾನುವಾರ ಅವರು ನನ್ನನ್ನೂ ಕರೆದುಕೊಂಡು ಅಕ್ಕನ ಮನೆಗೆ ಹೋದರು. ಸುತ್ತ ಅಪಾರ್ಟ್‌ಮೆಂಟುಗಳೆದ್ದಿದ್ದವು, ನಡುವೆ ತಗ್ಗು ಹೆಂಚಿನ ಮನೆ. ಅಕ್ಕ ತಲೆಗೆ ಸೆರಗು ಹೊದ್ದು, ಚರ್ಚಿನಲ್ಲಿ ಕೂತಂತೆ ಕೈಜೋಡಿಸಿ ಜಗಲಿಯಲ್ಲಿ ಕೂತಳು. ಫಾದರ್ ಅವರ ಕಣ್ಣಿನ್ನೂ ಪೂರ್ತಿ ಸರಿಹೋಗಿರಲಿಲ್ಲ. ನೀವೇ ಓದಿ ಎಂದರು. ಓದಿದೆ. 'ಅಶ್ವಾರೂಢ' ಎಂಬಲ್ಲಿ ಅಕ್ಕ ತಮ್ಮನ ಮುಖ ನೋಡಿದಳು. 'ಸತ್ಕರಿಸಿದರು' ಮುಗಿದು ಮುಂದಿನ ಪ್ಯಾರಾಕ್ಕೆ ಹೋದಾಗ ಕೈಯೆತ್ತಿ ನಿಲ್ಲಿಸಿದಳು.

"ಮುದ್ದೆ ಎಲ್ಲೋಯ್ತು?"

ನಾನು ಪುಟ ನೋಡಿದೆ. ಫಾದರ್ ನನ್ನನ್ನು ನೋಡಿದರು. ಪಾದ್ರಿಯಾದಂದಿನಿಂದ ತಮ್ಮನನ್ನು ಸಾಮಿ ಎಂದೇ ಕರೆಯುತ್ತಿದ್ದ ಹೆಂಗಸು ಅವತ್ತು ಅದನ್ನು ಮರೆತಳು. "ಏನ್ಲಾ, ಸಾಮ್ಯೋರು ಮುದ್ದೆ ಅಗ್ದಿದ್ದು ಎಲ್ಲೋಯ್ತು? ಇದ್ ಯಾರೂರ್ ಕತೆ?"

"ನಾನೇ ಬುಟ್ಬುಟ್ಟೆ ಅಕ್ಕ. ಮರ್ತೋಯ್ತು" ಎಂದರು ಫಾದರ್.

"ಅವ್ವ ಏಳಿದ್ದ ಮರ್ತ್ಯಾ? ಓದೋದ್ ಎಚ್ಚಾಯ್ತು ನಿಂಗೆ!"

ಅವರು ತಲೆ ತಗ್ಗಿಸಿ ಬೈಸಿಕೊಂಡರು. ಕನ್ನಡದಲ್ಲಿರುವ ಪದಗಳೆಲ್ಲ ನನಗೆ ಗೊತ್ತೆಂದು ಬೀಗುತ್ತಿದ್ದವಳಿಗೆ, ನಾನು ತೆಗೆದೆ ಎಂಬ ಎರಡು ಪದ ಬರಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಅವರೇ ಹೇಳಿದರು. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತಾರೆ. ಕುದುರೆಯಿಂದಿಳಿದ ಪಾದ್ರಿ ಹಲ್ಲಿಗೆ ಮೆತ್ತಿಕೊಂಡ ಮುದ್ದೆಯನ್ನು ಅಗಿದೂ ಅಗಿದೂ ಸೋತಾಗ ಬರಗಾಲದಲ್ಲಿದ್ದ ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಫಾದರ್ ಅವರ ಮನೆತನದ ಹಿರಿಯ ಹೆಂಗಸೊಬ್ಬಳು ಪಾದ್ರಿಯ ಕೈ ಹಿಡಿದು ನುಂಗುವುದನ್ನು ಕಲಿಸಿದಳು. ಆಮೇಲೆ ಊರು ಅವನ ಮಾತು ಕೇಳಿತು. ಅಕ್ಕನ ಬಾಯಲ್ಲಿದ್ದ ಈ ಕತೆಯನ್ನು ಸೆಮಿನರಿಯ ಯಾರೂ ನಂಬಿರಲಿಲ್ಲ. ಕೊನೆಗೊಂದು ದಿನ ಆ ಪಾದ್ರಿಯದೇ ಪತ್ರದಲ್ಲಿ, ಒಬ್ಬ ಹೆಂಗಸು ತನಗೆ ಉಣ್ಣುವುದನ್ನು ಕಲಿಸಿದಳೆಂಬ ಮಾತು ಫಾದರ್ ಕಣ್ಣಿಗೆ ಬಿತ್ತು. ಇಡೀ ಪುಸ್ತಕದಲ್ಲಿ ಕಾಗದವೂ ಅಜ್ಜಿಯೂ ಒಂದೇ ಮಾತು ಹೇಳಿದ ಜಾಗ ಅದೊಂದೇ.

"ನೀವು ರೊಟ್ಟಿ ಊರೋರು, ನಿಮ್ಗೆ ಹೆಂಗ್ ಗೊತ್ತಾಗ್ಬೇಕು? ನಾನ್ ಹೇಳ್ಬೇಕಿತ್ತು" ಎಂದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಎರಡನೇ ಮುದ್ರಣದಲ್ಲಿ ಸೇರಿಸೋಣ ಫಾದರ್ ಎಂದೆ. ಹೂಂ ಎಂದರು. ಎರಡನೇ ಮುದ್ರಣ ಬರಲಿಲ್ಲ. ನಾನು ಕೆಂಪು ಬಳಿದ ಹಾಳೆಗಳನ್ನು ಪ್ರೆಸ್ಸಿನವರು ಕೆಲಸ ಮುಗಿದ ಮೇಲೆ ರದ್ದಿಗೆ ಹಾಕಿದ್ದರು.

ಹೋದ ಚಳಿಗಾಲ ಅವರು ಹೆಚ್ಚು ನರಳದೆ ಹೋದರು. ಪೆಟ್ಟಿಗೆಯಲ್ಲಿ ಜಪಸರ ಸುತ್ತಿದ ಕೈಗಳ ಮೇಲೆ ಆ ಸೀಳುಗುರು ಎದ್ದು ಕಾಣುತ್ತಿತ್ತು. ಚರ್ಚಿನಲ್ಲಿ ಪೂಜೆಯ ಕೊನೆಗೆ ಮಾತಾಡಿದ ಹಿರಿಯ ಪಾದ್ರಿಯೊಬ್ಬರು ಅವರ ಕನ್ನಡ ಎಷ್ಟು ಸೊಗಸೆಂದು ಹೇಳಿ ನಮ್ಮ ಪುಸ್ತಕದಿಂದ ನಾಲ್ಕು ಸಾಲು ಓದಿದರು. ನಾಲ್ಕೂ ನನ್ನವು. ಎಲ್ಲರೂ ತಲೆದೂಗಿದರು. ಅಲ್ಲಿಂದ ಎದ್ದು ಓಡಿಹೋಗಬೇಕೆನಿಸಿತು. ಅಕ್ಕ ಏನನ್ನೂ ಕೇಳಿಸಿಕೊಳ್ಳದೆ ತಮ್ಮನ ಆ ಉಗುರನ್ನೇ ಸವರುತ್ತಿದ್ದಳು.

ಅವರು ಹೋಗಿ ತಿಂಗಳಾದಾಗ ಚರ್ಚಿನಲ್ಲಿ ಪೂಜೆ ಮಾಡಿಸಿದ ದಿನ ಅಕ್ಕನ ಮನೆಯಲ್ಲಿ ಊಟ. ನನ್ನ ತಟ್ಟೆಗೆ ಮುದ್ದೆ ಬಿತ್ತು. ಯೋಚನೆಯಲ್ಲಿ ಅಭ್ಯಾಸದಂತೆ ಅಗಿದೆ. ಅಕ್ಕ ನೋಡಿ ಬೊಚ್ಚುಬಾಯಿ ಬಿಟ್ಟು ನಕ್ಕಳು. "ಅಯ್ಯೋ, ಸಾಮ್ಯೋರಂಗೇ ಅಗೀತಾಳಲ್ಲವ್ವಾ!"

ನನಗೆ ತಡೆಯಲಾಗಲಿಲ್ಲ. ವರ್ಷಗಟ್ಟಲೆ ಹೂತಿಟ್ಟಿದ್ದ ನನ್ನ ಊರಿನ ಮಾತೇ ಬಾಯಿಗೆ ಬಂತು. "ಯವ್ವಾ, ಅವ್ರು ಮುದ್ದಿ ಕತಿ ಬರದಿದ್ರು. ಮರತಿರಲಿಲ್ಲ. ನಾನ ತಗದೇನಿ."

"ಗೊತ್ತು ಕಣವ್ವಾ. ಅವತ್ತೇ ನಿನ್ ಮೊಕ ನೋಡ್ದೆ. ಅವ್ವ ಏಳಿದ್ದ ಮರೆಯೋನಾ ಔನು?"

"ಮತ್ತ ಅವ್ರನ್ಯಾಕ ಬೈದ್ರಿ?"

"ಇನ್ಯಾರ್ನ ಬಯ್ಲಿ? ನೀನು ನಮ್ಮನೇಗ್ ಬಂದೋಳು."

ಅಷ್ಟೇ ಹೇಳಿ, ನನ್ನ ತಟ್ಟೆಯ ಮುದ್ದೆಯಿಂದ ಒಂದು ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ನನ್ನ ಕೈ ಹಿಡಿದು ಬೆರಳಿಗೆ ಇಟ್ಟಳು. "ಅಗೀಬ್ಯಾಡ. ನುಂಗು."

ನುಂಗಿದೆ.