ಅಕ್ಕ ಸಮುದ್ರ ನೋಡಿದ ಮೂರು ದಿನ

ಅಕ್ಕ ದೀಕ್ಷೆ ತೆಗೆದುಕೊಳ್ಳುವುದು ಗಟ್ಟಿಯಾದ ಮೇಲೆ, ನಮ್ಮ ಜೈನರ ರೂಢಿಯಂತೆ ನೆಂಟರೆಲ್ಲ ಅವಳನ್ನು ಮನೆಗೆ ಕರೆದು, ಉಣ್ಣಿಸಿ, ಸೀರೆ ಉಡಿಸಿ, ಉಡಿ ತುಂಬಿ ಕಳಿಸತೊಡಗಿದರು. ಮದುವೆ ಗೊತ್ತಾದ ಹುಡುಗಿಗೆ ಏನೇನು ಮಾಡುತ್ತಾರೋ ಅದೆಲ್ಲವನ್ನೂ ಮಾಡಿದರು. ಮದುವೆಯಾದವಳು ನಾಗರ ಪಂಚಮಿಗೆ ತವರಿಗೆ ಬರುತ್ತಾಳೆ, ಇವಳು ಬರುವುದಿಲ್ಲ. ವ್ಯತ್ಯಾಸ ಅಷ್ಟೇ.

ಆ ದಿನಗಳಲ್ಲೇ ಒಂದು ಸಂಜೆ ಅವ್ವ ಅಕ್ಕಿ ಆರಿಸುತ್ತ ಕೂತಿದ್ದವಳು ತಲೆ ಎತ್ತದೆ ಕೇಳಿದಳು. "ಮನಸಿನ್ಯಾಗ ಏನರ ಆಸೆ ಉಳದಿದ್ರ ಈಗs ಹೇಳಿಬಿಡು."

ಅಕ್ಕ, "ಒಮ್ಮೆ ಸಮುದ್ರ ನೋಡಬೇಕು ಅನಸ್ತೈತಿ ಅವ್ವಾ," ಎಂದಳು.

ಹೋಳಿಗೆಯನ್ನೋ ರೇಷ್ಮೆ ಸೀರೆಯನ್ನೋ ಕೇಳುತ್ತಾಳೆಂದುಕೊಂಡಿದ್ದ ಅವ್ವ ಅಪ್ಪನ ಮುಖ ನೋಡಿದಳು. ಖಾನಾಪುರದಿಂದ ಗೋವಾ ಎಷ್ಟು ದೂರ? ಮುಂಜಾನೆ ರೈಲು ಹತ್ತಿದರೆ ಸಂಜೆಯೊಳಗೆ ಸಮುದ್ರ. ಆದರೂ ನಮ್ಮಲ್ಲಿ ಯಾರೂ ಅದನ್ನು ನೋಡಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಅಪ್ಪನದು ಮಲಪ್ರಭೆಯ ದಂಡೆಯ ಹತ್ತಿರ ಹಂಚಿನ ಕಾರ್ಖಾನೆ. ಅಕ್ಕನಿಗೆ ಇಪ್ಪತ್ನಾಲ್ಕು. ನಂದಗಡದ ಒಂದು ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಿದ್ದಳು. ನನಗೆ ಹತ್ತೊಂಬತ್ತು. ಬೆಳಗಾವಿಯ ಅನಗೋಳದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದೆ. ಶನಿವಾರ ಖಾನಾಪುರಕ್ಕೆ ಬಂದರೆ ನಾನು, ಅಕ್ಕ ಒಂದೇ ಕೌದಿಯಲ್ಲಿ ಮಲಗಿ ವಾರದ ಮಾತೆಲ್ಲ ಆಡುತ್ತಿದ್ದೆವು. ಅವಳು ತನ್ನ ಶಾಲೆಯ ಹೆಡ್‌ಮಾಸ್ತರರು ಮೂಗಿನಲ್ಲಿ ಮಾತಾಡುವುದನ್ನು ಮಾಡಿ ತೋರಿಸುವಳು. ನಾನು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಳ್ಳುತ್ತಿದ್ದೆ. ನನಗೆ ಸೈಕಲ್ ಕಲಿಸಿದವಳು ಅವಳು. ಗಣಿತದಲ್ಲಿ ನಾನು ನಾಪಾಸಾದಾಗ ಅಪ್ಪನಿಗೆ ಮೊದಲು ಹೋಗಿ ಹೇಳಿ ಬೈಸಿಕೊಂಡವಳೂ ಅವಳೇ.

ಒಂದು ಮಳೆಗಾಲ ಬೆಳಗಾವಿಯಲ್ಲಿ ಮಾತಾಜಿಯವರ, ಅಂದರೆ ಜೈನ ಸನ್ಯಾಸಿನಿಯರ, ಒಂದು ಸಂಘ ನಾಲ್ಕು ತಿಂಗಳು ನಿಂತಿತ್ತು. ಅಕ್ಕ ರಜೆಗೆ ಅತ್ತೆಯ ಮನೆಗೆ ಬಂದು ದಿನಾಲೂ ಬಸದಿಗೆ ಹೋಗತೊಡಗಿದಳು. ಮೊದಲು ಒಂದೊಂದೇ ತಿನಿಸು ಬಿಟ್ಟಳು, ಆಮೇಲೆ ಎರಡನೆಯ ಊಟ ಬಿಟ್ಟಳು, ಆಮೇಲೆ ಹೆಡ್‌ಮಾಸ್ತರರನ್ನು ಆಡಿ ತೋರಿಸುವುದನ್ನು ಬಿಟ್ಟಳು. ಇದ್ಯಾವುದನ್ನೂ ನಾನು ಸರಿಯಾಗಿ ಗಮನಿಸಲಿಲ್ಲ. ಕಾಲೇಜು, ಗೆಳತಿಯರು, ಹೊಸ ಚಪ್ಪಲಿ ಇವುಗಳಲ್ಲೇ ಇದ್ದೆ. ಎರಡು ಗಂಡು ಬಂದು ಹೋದವು. ಮೂರನೆಯವರು ಬರುವ ಮೊದಲು ಅವಳು ಅಪ್ಪನೆದುರು ಕೂತು ದೀಕ್ಷೆ ತೆಗೆದುಕೊಳ್ಳುತ್ತೇನೆಂದು ಹೇಳಿಬಿಟ್ಟಳು. ಅಪ್ಪ ಹತ್ತು-ಹನ್ನೆರಡು ದಿನ ಯಾರೊಡನೆಯೂ ಮಾತಾಡಲಿಲ್ಲ. ಎರಡು ವರ್ಷ ತಡೆದ. ಕೊನೆಗೆ ಹೂಂ ಎಂದ.

ಆ ವರ್ಷ ಜನವರಿ ಇಪ್ಪತ್ತಾರು ಶುಕ್ರವಾರ ಬಂದಿತ್ತು. ಅಕ್ಕ ಶನಿವಾರಕ್ಕೆ ರಜೆ ಹಾಕಿದಳು, ನಾನು ಕಾಲೇಜು ತಪ್ಪಿಸಿದೆ. ಅಪ್ಪನಿಂದ ಹಂಚು ಕೊಳ್ಳುತ್ತಿದ್ದ ಒಬ್ಬ ವಯಸ್ಸಾದ ಕೊಂಕಣಿಯವ ಮಡಗಾಂವಿನ ಆಚೆ ಸಮುದ್ರದ ದಂಡೆಯಲ್ಲಿ ನಾಲ್ಕು ಕಾಟೇಜು ಕಟ್ಟಿಸಿ ಪ್ರವಾಸಿಗರಿಗೆ ಕೊಡುತ್ತಿದ್ದ. ಅವನಿಗೆ ಅಪ್ಪ ಕಾಗದ ಬರೆದ. ಅವ್ವ ಸ್ಟೋವು, ಪಾತ್ರೆ, ನೀರು ಸೋಸುವ ಅರಿವೆ, ಅಕ್ಕಿ, ಬೇಳೆ ಎಲ್ಲ ಕಟ್ಟಿಕೊಂಡಳು. ದೀಕ್ಷೆಗೆ ಇನ್ನು ಒಂದು ತಿಂಗಳು ಉಳಿದಿತ್ತು.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ಅಕ್ಕನಿಗೆ ಸಮುದ್ರ ತೋರಿಸುವುದಷ್ಟೇ ನಮ್ಮ ಮನಸ್ಸಿನಲ್ಲಿ ಇರಲಿಲ್ಲ. ಹೊರಡುವ ಮೊದಲು ಅವ್ವ ಹಿತ್ತಲಲ್ಲಿ ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದ್ದಳು. "ನೀ ಆಕಿನ್ನ ಹೆಂಗರ ಮಾಡಿ ನಗಸು. ನಕ್ಕಳಂದ್ರ ಮನಸ ತಿರುಗತೈತಿ."

ರೈಲಿನಲ್ಲೇ ನಾನು ಕೆಲಸ ಶುರು ಮಾಡಿದೆ. ಲೋಂಡಾ ದಾಟಿ ಘಟ್ಟ ಇಳಿಯುವಾಗ ಒಂದೊಂದು ಸುರಂಗ ಬಂದಾಗಲೂ ಮೂಗಿನಲ್ಲಿ ಹೆಡ್‌ಮಾಸ್ತರರ ಹಾಗೆ ಹಾಜರಿ ಕೂಗಿದೆ. ಮೂರನೆಯ ಸುರಂಗದ ಕತ್ತಲಲ್ಲಿ ಅಕ್ಕ "ಹಾಜರ್ ರೀ ಸರ್" ಎಂದಳು. ಬೆಳಕು ಬಂದಾಗ ಅವ್ವ ಕಿಟಕಿಯ ಕಡೆ ಮುಖ ಮಾಡಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಕಾಟೇಜು ತೆಂಗಿನ ಮರಗಳ ನಡುವೆ ಇತ್ತು. ಮುಂದೊಂದು ಕಟ್ಟೆ, ಬೆತ್ತದ ಎರಡು ಕುರ್ಚಿ, ಮೂರು ಮೆಟ್ಟಿಲು ಇಳಿದರೆ ಮರಳು. ಅಪ್ಪ ಒಳಗೆ ಹೋದವನೇ ತಲೆಯೆತ್ತಿ ಮಾಡು ನೋಡಿದ. ನಮ್ಮದೇ ಹಂಚು. ಕಾಟೇಜಿನ ಮುದುಕ ಕೊಂಕಣಿಯಲ್ಲಿ, ಅಪ್ಪ ಮರಾಠಿಯಲ್ಲಿ ಅದರ ಬಗ್ಗೆಯೇ ಮಾತಾಡುತ್ತ ನಿಂತರು. ಬಾಜೂ ಕಾಟೇಜಿನಲ್ಲಿ ಗಡ್ಡದ ಇಬ್ಬರು ವಿದೇಶಿಯರು ಚಡ್ಡಿಯಲ್ಲಿ ಮಲಗಿ ಪುಸ್ತಕ ಓದುತ್ತಿದ್ದರು. ಅವ್ವ ಸೆರಗು ಎಳೆದುಕೊಂಡು, "ಇವರ ಮನ್ಯಾಗ ಕೆಲಸ ಇರಂಗಿಲ್ಲೇನು," ಎಂದಳು.

ಅಕ್ಕ ಆಗಲೇ ಮೆಟ್ಟಿಲು ಇಳಿದಿದ್ದಳು. ನಾನು ಓಡಿ ಅವಳನ್ನು ಮುಟ್ಟುವಷ್ಟರಲ್ಲಿ ನೀರಿನ ಅಂಚಿಗೆ ಹೋಗಿ ನಿಂತಿದ್ದಳು. ಮೊದಲ ತೆರೆ ಬಂದು ಕಣಕಾಲು ಮುಚ್ಚಿ, ಹಿಂದೆ ಸರಿಯುವಾಗ ಕಾಲ ಕೆಳಗಿನ ಮರಳನ್ನು ಎಳೆದುಕೊಂಡಿತು. ಅವಳು ಬೀಳುವಂತಾಗಿ ನನ್ನ ತೋಳು ಹಿಡಿದಳು. ಆಮೇಲೆ ನಕ್ಕಳು. ಎರಡು ವರ್ಷದಿಂದ ನಾನು ಕೇಳದಿದ್ದ ನಗು ಅದು. ಮುಂದಿನ ತೆರೆಗೆ ಇಬ್ಬರೂ ಸೊಂಟದವರೆಗೆ ತೊಯ್ದೆವು. ಬಾಯಿಗೆ ನೀರು ಹೋಗಿ ಉಗುಳಿದೆವು. "ಅಪ್ಪಾ, ಖರೇನs ಉಪ್ಪ ಐತ್ರೀ," ಎಂದು ಅವಳು ಸಣ್ಣವಳಂತೆ ಕೂಗಿ ಹೇಳಿದಳು. ದಂಡೆಯ ಮೇಲಿದ್ದ ಅಪ್ಪ ಧೋತರ ಎತ್ತಿ ಕಟ್ಟಿ ತಾನೂ ನೀರಿಗೆ ಬಂದ. ಹೊತ್ತು ಮುಳುಗುವ ಮೊದಲು ಕಟ್ಟೆಯ ಮೇಲೆ ಕೂತು ನಾವು ಮೂವರು ಉಂಡೆವು. ಅಕ್ಕ ದಿನದ ಒಂದೇ ಊಟವನ್ನು ಊರಲ್ಲೇ ಮುಗಿಸಿದ್ದಳು. ನಮಗೆ ಬಡಿಸಿದಳು. ಅವ್ವ ನನ್ನ ತಾಟಿಗೆ ಮತ್ತೊಂದು ಚಪಾತಿ ಹಾಕುತ್ತ ನನ್ನ ಕಡೆ ನೋಡಿ ಕಣ್ಣಲ್ಲೇ ಏನೋ ಹೇಳಿದಳು. ನಾನು ಗೆದ್ದೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ನಾನೇ ಅವಳನ್ನು ಎಬ್ಬಿಸಿ ಕರೆದುಕೊಂಡು ಹೋದೆ. ನೀರು ದೂರ ಸರಿದಿತ್ತು. ಹಸಿ ಮರಳಿನ ತುಂಬ ಸಣ್ಣ ಸಣ್ಣ ತೂತು. ನಾವು ಹತ್ತಿರ ಹೋದಂತೆ ಉಗುರಿನಷ್ಟು ಏಡಿಗಳು ಒಳಗೆ ಓಡುತ್ತಿದ್ದವು. ಅಕ್ಕ ಒಂದು ಹೆಜ್ಜೆ ಇಟ್ಟು ನಿಂತಳು. ಕಾಲು ಎಲ್ಲಿಡಬೇಕೆಂದು ನೋಡಿದಳು. ಇನ್ನೊಂದು ಹೆಜ್ಜೆ ಇಡಲಿಲ್ಲ.

"ನಿನ್ನೆ ಇಲ್ಲೇ ಕುಣದಾಡಿದ್ವಿ," ಎಂದಳು. "ಎಷ್ಟು ಜೀವ ತುಳದ್ವೋ ಏನೋ."

ಆಚೆ ಮೀನುಗಾರರು ದೊಡ್ಡ ಬಲೆ ಎಳೆಯುತ್ತಿದ್ದರು. ಹತ್ತಿಪ್ಪತ್ತು ಜನ ಹಗ್ಗ ಹಿಡಿದು ಹಿಂದಕ್ಕೆ ಹಿಂದಕ್ಕೆ ನಡೆಯುತ್ತ ಬಲೆಯನ್ನು ಮರಳಿಗೆ ತಂದರು. ಬೆಳ್ಳಿಯಂಥ ಮೀನು ರಾಶಿಯಾಗಿ ಬಡಿದಾಡಿತು. ನಾನು ಅವಳನ್ನು ತಿರುಗಿಸಿ ಕರೆದೊಯ್ಯಲು ನೋಡಿದೆ, ಅವಳು ಕದಲಲಿಲ್ಲ. ನಿಂತಲ್ಲೇ ಕುಕ್ಕರಗಾಲಲ್ಲಿ ಕೂತು, ಕೈ ಮುಗಿದು ಣಮೋಕಾರ ಮಂತ್ರ ಹೇಳತೊಡಗಿದಳು. ಮೀನು ಹೊರಳುವುದು ನಿಲ್ಲುವವರೆಗೂ ಹೇಳಿದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

ನನಗೆ ಸಿಟ್ಟು ಬಂತು. ಮೀನಿನ ಮೇಲೆ, ಬಲೆಯ ಮೇಲೆ, ಅವಳ ಮೇಲೆ.

"ಮೂರು ದಿನ ಸಮಾಧಾನಲೇ ಇರಾಕ ಆಗಂಗಿಲ್ಲೇನ ನಿನಗ? ಮೀನಿಗೆ ಅಳತಿ. ಅವ್ವ ಹಿತ್ತಲದಾಗ ದಿನಾ ಅಳತಾಳ, ಅದು ಕಾಣಂಗಿಲ್ಲೇನು?"

ಅವಳು ಎದ್ದಳು. ಬಂದ ಹೆಜ್ಜೆಗುರುತುಗಳಲ್ಲೇ ಕಾಲಿಡುತ್ತ ಕಾಟೇಜಿಗೆ ಹೋದಳು. ಆಮೇಲೆ ಆ ಮೂರು ಮೆಟ್ಟಿಲು ಇಳಿಯಲೇ ಇಲ್ಲ. ಕಟ್ಟೆಯ ಮೇಲೆ ಕೂತು ಸಮುದ್ರ ನೋಡಿದಳು.

ಮಧ್ಯಾಹ್ನ ಅಪ್ಪ ಅವಳ ಎದುರಿನ ಕುರ್ಚಿಯಲ್ಲಿ ಕೂತ. ಒಳಗೆ ಪಾತ್ರೆ ಒರೆಸುತ್ತಿದ್ದ ನನಗೆ, ಅವ್ವನಿಗೆ ಎಲ್ಲ ಕೇಳುತ್ತಿತ್ತು.

"ಇನ್ನೂ ಯಾಳೆ ಐತಿ, ಮಗಳ. ಪತ್ರಿಕಾ ಹಂಚ್ಯಾರ, ಮಂದಿ ಏನಂತಾರ, ಅದೆಲ್ಲಾ ನೀ ಮನಸಿನ್ಯಾಗ ತರಬ್ಯಾಡ. ನೀ ಒಂದು ಮಾತು ಅಂದ್ರ ಸಾಕು. ಊರ ಮಂದಿಗೆ ನಾ ಹೇಳ್ತೀನಿ. ನಾನs ಒಲ್ಲೆ ಅಂದೆ ಅಂತ ಹೇಳ್ತೀನಿ."

ಅಪ್ಪ ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ಅಪ್ಪಾ, ನೀವು ಹಿಂಗ ಕೇಳಬ್ಯಾಡ್ರಿ," ಎಂದಳು ಅಕ್ಕ. "ಬೈರಿ, ಹೊಡೀರಿ, ತಡಕೋತೀನಿ. ಹಿಂಗ ಕೇಳಿದ್ರ ತಡಕೊಳ್ಳಾಕ ಆಗೂದಿಲ್ಲ."

ಅಪ್ಪ ಎದ್ದು ತೆಂಗಿನ ಮರಗಳ ಕಡೆ ಹೋದ. ಅವ್ವ ಒರೆಸಿದ ತಾಟನ್ನೇ ಮತ್ತೆ ಒರೆಸುತ್ತಿದ್ದಳು.

ರವಿವಾರ ಬೆಳಿಗ್ಗೆ ಹೊರಡುವ ಮೊದಲು ನಾನು, ಅಕ್ಕ ಇಬ್ಬರೇ ಕಟ್ಟೆಯ ಮೇಲಿದ್ದೆವು. ಅವಳು ನನ್ನ ತಲೆ ಬಾಚುತ್ತಿದ್ದಳು. ಹಿಂದಿನ ದಿನದಿಂದ ನಾನು ಅವಳೊಡನೆ ಮಾತು ಬಿಟ್ಟಿದ್ದೆ. ಅವಳು ಹೆರಳು ಹಾಕಿ ಮುಗಿಸಿದಾಗ ತಡೆಯಲಾಗದೆ ಕೇಳಿಬಿಟ್ಟೆ.

"ನಿನಗ ಯಾರರ ಏನರ ಅಂದ್ರೇನು? ಮನ್ಯಾಗ ಏನರ ಕಡಿಮಿ ಆತೇನು?"

"ಇಲ್ಲ. ಕಡಿಮಿ ಆಗಿ ಹೊಂಟಿಲ್ಲ ನಾ."

"ಮತ್ತ ನಾ ನಿನಗ ಏನೂ ಅಲ್ಲೇನು?"

ಅವಳು ಬಾಚಣಿಕೆಯಲ್ಲಿ ಸಿಕ್ಕಿದ್ದ ಕೂದಲನ್ನು ಒಂದೊಂದಾಗಿ ಬಿಡಿಸಿದಳು.

"ನೀ ಅದಿ ಅಂತನs ಎರಡು ವರ್ಷ ತಡ ಆತು," ಎಂದಳು. "ಅಪ್ಪ ತಡದ್ರು ಅಂತ ಎಲ್ಲಾರೂ ತಿಳಕೊಂಡಾರ. ಅಪ್ಪ ಬ್ಯಾಡ ಅಂದ್ರೂ ಹೋಗತಿದ್ದೆ. ನಿನ್ನ ಬಿಡಾಕ ಆಗಲಿಲ್ಲ. ಈಗ ಬಿಡೂದು ಕಲತೀನಿ."

ನನ್ನನ್ನು ಬಿಡುವುದನ್ನು ಅವಳು ಎರಡು ವರ್ಷ ಕೂತು ಕಲಿತಿದ್ದಳು. ಒಂದೇ ಕೌದಿಯಲ್ಲಿ ಪಕ್ಕಕ್ಕೆ ಮಲಗಿಯೇ ಕಲಿತಿದ್ದಳು. ನನಗೆ ಅಳುವುದಕ್ಕೂ ಆಗಲಿಲ್ಲ. ಅಪ್ಪ ಬಾಡಿಗೆ ಕಾರು ಬಂತೆಂದು ಕೂಗಿದ. ನಾನು ಸ್ಟೋವು ಎತ್ತಿಕೊಂಡು ನಡೆದೆ.

ತಿಂಗಳ ನಂತರ ಬೆಳಗಾವಿಯಲ್ಲಿ, ದೊಡ್ಡ ಪೆಂಡಾಲಿನಲ್ಲಿ, ಸಾವಿರಾರು ಜನರೆದುರು ದೀಕ್ಷೆಯಾಯಿತು. ಅವಳ ಕೂದಲನ್ನು ಹಿಡಿ ಹಿಡಿಯಾಗಿ ಕೈಯಿಂದಲೇ ಕಿತ್ತರು. ಅವಳ ಮುಖ ಒಮ್ಮೆಯೂ ಸೊಟ್ಟಗಾಗಲಿಲ್ಲ. ಅವ್ವ ಕಣ್ಣು ಮುಚ್ಚಿ ನನ್ನ ಮಣಿಕಟ್ಟು ಹಿಡಿದಿದ್ದಳು, ಅವಳ ಉಗುರಿನ ಗುರುತು ಎರಡು ದಿನ ಇತ್ತು. ಬಿಳಿ ಸೀರೆಯುಟ್ಟು, ನವಿಲುಗರಿಯ ಪಿಂಛಿ ಹಿಡಿದು ಕೂತವಳಿಗೆ ಹೊಸ ಹೆಸರಿಟ್ಟರು. ಜನ ಜಯಕಾರ ಹಾಕಿದರು. ಸಾಲಿನಲ್ಲಿ ನಿಂತು, ಸರದಿ ಬಂದಾಗ ನಾನೂ ಬಗ್ಗಿ "ವಂದಾಮಿ" ಎಂದೆ. ನನ್ನ ಮುಂದಿದ್ದವರಿಗೆ ಎತ್ತಿದ ಹಾಗೇ ನನಗೂ ಆಶೀರ್ವಾದದ ಕೈ ಎತ್ತಿದಳು.

ಆಮೇಲೆ ನನ್ನ ಓದು ಮುಗಿಯಿತು, ಮದುವೆಯಾಯಿತು, ಬೆಳಗಾವಿಯ ನೆಹರು ನಗರದಲ್ಲಿ ಮನೆ ಮಾಡಿದೆವು. ಸಂಘ ಇಂಥ ಊರಲ್ಲಿದೆ ಎಂದು ಯಾರಾದರೂ ಹೇಳಿದರೆ ಅಪ್ಪ-ಅವ್ವ ಹೋಗಿ ನೋಡಿ ಬರುತ್ತಿದ್ದರು. ನಾನು ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ.

ಆರೇಳು ವರ್ಷದ ಮೇಲೆ ಸಂಘ ನಡೆಯುತ್ತ ಖಾನಾಪುರಕ್ಕೇ ಬಂತು. ಎರಡು ದಿನ ಬಸದಿಯಲ್ಲಿ ಇರುತ್ತಾರೆಂದು ಅವ್ವ ಹೇಳಿ ಕಳಿಸಿದಳು. ಈ ಸಲ ತಪ್ಪಿಸಿಕೊಳ್ಳಲಾಗಲಿಲ್ಲ, ಹೋದೆ. ನಸುಕಿನಲ್ಲಿ ಬಾವಿಯ ನೀರು ಸೇದಿ, ಮೂರು ಸಲ ಅಕ್ಕಿ ಆರಿಸಿ, ನಾನೇ ಅಡಿಗೆ ಮಾಡಿದೆ. ಅವರ ಆಹಾರ ದಿನಕ್ಕೊಮ್ಮೆ, ನೀರೂ ಆಗಲೇ. ಕೂತು, ಬೊಗಸೆಯಲ್ಲಿ ನಾವು ಇಟ್ಟದ್ದನ್ನು ಉಣ್ಣುತ್ತಾರೆ. ಅದರಲ್ಲಿ ಒಂದು ಕೂದಲೋ ಸತ್ತ ಹುಳವೋ ಕಂಡರೆ ಆ ದಿನದ ಊಟ ಅಲ್ಲಿಗೇ ಮುಗಿಯಿತು. ಅದಕ್ಕೆ ಅಂತರಾಯ ಎನ್ನುತ್ತಾರೆ.

ಅವಳು ನಮ್ಮ ಬಾಗಿಲಿಗೇ ಬಂದು ನಿಂತಳು. ಅಪ್ಪ ಕಾಲು ತೊಳೆದ. ಅವಳ ಹಿಮ್ಮಡಿಗಳು ಬಿರಿದು ಒಣಗಿದ ಕೆರೆಯಂತಾಗಿದ್ದವು. ಹುಟ್ಟಿ ಬೆಳೆದ ಮನೆಯಲ್ಲಿ ಅವಳು ಗೋಡೆ, ಕಿಟಕಿ ಯಾವುದನ್ನೂ ಕಣ್ಣೆತ್ತಿ ನೋಡಲಿಲ್ಲ. ಅಪ್ಪ ನೀರು ಹಾಕಿದ. ಅವ್ವ ಹಾಲು ಹಾಕಿದಳು. ನಾನು ಅನ್ನದ ಮೊದಲ ತುತ್ತು ಇಟ್ಟೆ, ಎರಡನೆಯದು ಇಟ್ಟೆ. ಮೂರನೆಯದು ಇಟ್ಟಾಗ ಅವಳು ಬೊಗಸೆಯನ್ನೇ ನೋಡಿದಳು, ಬೆರಳು ಸಡಿಲಿಸಿದಳು. ಅನ್ನ ಪಾತ್ರೆಗೆ ಬಿತ್ತು. ಒಂದು ಇರುವೆ, ಬೆಂದದ್ದು.

ಅವಳು ಎದ್ದು ಕೈ ತೊಳೆದುಕೊಂಡು ಬಸದಿಗೆ ನಡೆದಳು. ಇಪ್ಪತ್ನಾಲ್ಕು ತಾಸು ಒಂದು ಹನಿ ನೀರೂ ಇಲ್ಲ. ಮಾರ್ಚ್ ತಿಂಗಳ ಬಿಸಿಲು. ಮಾಡಿದ ಅಡಿಗೆಯ ಮುಂದೆ ನಾನು ಸಂಜೆಯವರೆಗೂ ಕೂತಿದ್ದೆ. ಅಪ್ಪ ಬಂದು ನನ್ನ ತಲೆಯ ಮೇಲೆ ಕೈಯಿಟ್ಟು ಹೋದ.

ಮರುದಿನ ಮುಂಜಾನೆ ಸಂಘ ನಂದಗಡದ ಕಡೆ ಹೊರಟಿತು. ಊರವರೊಡನೆ ನಾನೂ ಸ್ವಲ್ಪ ದೂರ ನಡೆದೆ. ಊರು ಮುಗಿಯುವಲ್ಲಿ ಎಲ್ಲರೂ ನಮಸ್ಕರಿಸಿ ತಿರುಗುವಾಗ ನಾನು ಅವಳ ಮುಂದೆ ಹೋಗಿ ನಿಂತೆ. ಅವಳು ನನ್ನನ್ನು ನೋಡಿದಳು. ತುಟಿ ಒಣಗಿ ಬಿಳಿಯಾಗಿತ್ತು.

"ನಿನ್ನೆ ಆದದ್ದು ಮನಸಿಗೆ ಹಚಗೋಬ್ಯಾಡ್ರಿ," ಎಂದಳು. "ನಿಮ್ಮದೇನೂ ತಪ್ಪಿಲ್ಲ."

ಊರಿನ ಯಾವ ಹೆಣ್ಣುಮಗಳಿಗಾದರೂ ಅವಳು ಹಾಗೆಯೇ ಹೇಳುತ್ತಿದ್ದಳು. ನನ್ನನ್ನು ಯಾವತ್ತೂ ಬಹುವಚನದಲ್ಲಿ ಕರೆಯದಿದ್ದವಳು, ತಡವರಿಸದೆ ಕರೆದಳು. ಕಲಿತದ್ದನ್ನು ಅವಳು ಚೆನ್ನಾಗಿಯೇ ಕಲಿತಿದ್ದಳು. ಪಿಂಛಿಯಿಂದ ಮುಂದಿನ ದಾರಿ ಸವರಿ, ನನ್ನ ಬದಿಯಿಂದ ದಾಟಿ ಹೋದಳು.

ಮನೆಗೆ ಬಂದಾಗ ಅವ್ವ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಹೊಸ್ತಿಲಲ್ಲಿ ಕೂತಿದ್ದಳು.

"ಏನರ ಅಂದಳೇನು?"

"ಹೂಂ," ಎಂದೆ. "ಅವ್ವನ ಮೊಣಕಾಲು ಈಗ ಹೆಂಗ ಅದಾವು ಅಂತ ಕೇಳಿದ್ಲು."

ಅವ್ವ ಎಣ್ಣೆಗೈಯನ್ನು ಹಾಗೇ ಹಿಡಿದು ಸ್ವಲ್ಪ ಹೊತ್ತು ಕೂತಳು. ಆಮೇಲೆ ಎದ್ದು ಒಳಗೆ ಹೋಗಿ ಚಹಕ್ಕಿಟ್ಟಳು. ಮುಂದೆ ಬದುಕಿರುವವರೆಗೂ ಮನೆಗೆ ಬಂದ ಹೆಣ್ಣುಮಕ್ಕಳಿಗೆಲ್ಲ ಆ ಮಾತು ಹೇಳುತ್ತಿದ್ದಳು. ನಾನು ಎದುರಿಗಿದ್ದರೆ, "ಹೌದಲ್ಲ?" ಎಂದು ನನ್ನ ಕಡೆ ತಿರುಗುವಳು. ನಾನು ಹೌದೆನ್ನುತ್ತಿದ್ದೆ.